ಟೇಪಿನ ಆ ತುದಿ

ಬಳ್ಳವನ್ನು ಬೋರಲು ಹಾಕಿ ಲಿಂಗವೆಂದು ಪೂಜಿಸಿದ
ಕತೆಯಿಂದ ಹೆಸರು ಬಂತಂತೆ ಬಳ್ಳಾರಿಗೆ.
ಇಂಥ ಊರಲ್ಲಿ ಅಳೆಯುವ ನೌಕರಿ ಸಿಕ್ಕಿದ್ದು
ಸೋಜಿಗವೇನಲ್ಲ.
ಹದಿನೇಳು ವರ್ಷ ಟೇಪು ಹಿಡಿದಿದ್ದೇನೆ,
ಈ ತುದಿ ನಾನು, ಆ ತುದಿ ಸಾಹೇಬರು,
ನಡುವೆ ಊರು ಬಿಸಿಲಿಗೆ ಹಿಗ್ಗುತ್ತದೆ.

ಅತ್ತಲ ಬಡಾವಣೆಯ ನಾಲ್ಕನೇ ಅಡ್ಡರಸ್ತೆ
ಗೋಡೆಗೆ ಮೂಗು ತಾಗಿಸಿ ನಿಂತಿದೆ
ಮಗ್ಗಿ ಬಾರದ ಹುಡುಗನ ಹಾಗೆ.
ಗೋಡೆಯ ಈಚೆ ಜಾಲಿ,
ನಮ್ಮೂರ ಹೆಸರನ್ನೇ ಹೊತ್ತು ನಾಡೆಲ್ಲ ಹಬ್ಬಿದ ಜಾಲಿ.
ಜಾಲಿಯ ಈಚೆ ಇತ್ತಲ ಬಡಾವಣೆ, ಇದರ ರಸ್ತೆ
ಅದೇ ಅಗಲ, ಅದೇ ಡಾಂಬರು, ಅದರದೇ ನೇರ.
ಮಾಲೀಕರು ಇಬ್ಬರು, ನಕ್ಷೆ ಎರಡು;
ಒಂದರ ಅಂಚು ಇನ್ನೊಂದರ ಅಂಚನ್ನು
ಯಾವ ಮೇಜಿನ ಮೇಲೂ ಮುಟ್ಟಲಿಲ್ಲ.
ದೊಡ್ಡ ನಕ್ಷೆಯಲ್ಲಿ ಇಲ್ಲೊಂದು ಚುಕ್ಕೆಗೆರೆ:
'ಪ್ರಸ್ತಾವಿತ'.
ಸೇರಿದ ವರ್ಷ ಅಳೆದಾಗ ಇನ್ನೂರಾ ಹತ್ತು ಅಡಿ.
ಆಮೇಲೆ ಇನ್ನೂರು. ರಸ್ತೆ ಬೆಳೆದಿರಲಿಲ್ಲ,
ಯಾರದೋ ಕಾರ್ ಶೆಡ್ಡು ಬೆಳೆದಿತ್ತು.

ಈ ಸಲ ಸಾಹೇಬರು ಬರಲೇ ಇಲ್ಲ.
'ಅಲ್ಲೇ ಇರಪಾ ಗಾದಿಲಿಂಗ, ಗೇಟು ಬಿದ್ದೈತಿ.'
ಫೋನಿನೊಳಗೆ ಹಾರನ್ನು, ಹಾರನ್ನಿನೊಳಗೆ ಬೈಗುಳ,
ಅದಿರು ಗೂಡ್ಸಿನ ಡಬ್ಬಿ ಒಂದೊಂದೇ ದಾಟುವ ಸದ್ದು.
ನನಗೆ ಗೊತ್ತು ಆ ಜಾಗ:
ಶೇಂಗಾ ಸಿಪ್ಪೆ, ಕೆಂಪು ಧೂಳು,
ಮುಂದೆ ಹೋಗಲೆಂದು ಬಲಕ್ಕೆ ನುಗ್ಗಿದವರು
ಆಚೆಯಿಂದ ಹಾಗೇ ನುಗ್ಗಿದವರ ಎದುರಿಗೆ,
ಗೇಟು ಏಳುವ ಹೊತ್ತಿಗೆ
ಎರಡು ದಂಡು ಮುಖಾಮುಖಿ,
ಯುದ್ಧಕ್ಕೆ ಕಾರಣ ಯಾರಿಗೂ ನೆನಪಿಲ್ಲ.

ಅವರಲ್ಲಿ ಅರ್ಧ ಜನ
ಈ ಗೋಡೆಯನ್ನು ಸುತ್ತಿಬರಲು ಹೊರಟವರು.

ಟೇಪಿಗೆ ಇನ್ನೊಂದು ಕೈ ಬೇಕು.
ಜಾಲಿಯ ನಡುವೆ ಸವೆದ ಕಾಲುದಾರಿ,
ಅದು ಮುಗಿಯುವಲ್ಲಿ ಗೋಡೆಗೊಂದು ಕಿಂಡಿ.
ಅತ್ತ ವಲಿಬಾಷಾ ಹೊಲಿದ ಜೀನ್ಸು
ಇತ್ತ ತೊಳೆಯುವ ಶೆಡ್ಡಿಗೆ ಬರುವುದು ಇಲ್ಲಿಂದಲೇ,
ಐವತ್ತರ ಗಂಟು, ತಲೆಯಿಂದ ತಲೆಗೆ.
ಆಟೋದಲ್ಲಿ ತಂದರೆ ನಾಲ್ಕೂವರೆ ಕಿಲೋಮೀಟರು, ಎರಡು ಗೇಟು,
ಗುಂಡಿಗಿಂತ ಬಾಡಿಗೆ ಭಾರ.
ಇಷ್ಟು ದೊಡ್ಡ ಊರಿಗೆ
ಯಾರೋ ರಾತ್ರಿ ಕೂತು ಹಾಕಿದ ಒಂದೇ ಒಂದು ಕಾಜಾ.

'ಯಾರಿದ್ದೀರಿ ಅಲ್ಲಿ? ಸ್ವಲ್ಪ ಹಿಡೀರಿ' ಅಂದೆ.
ಒಂದು ಕೈ ಬಂತು. ಮುಖ ಕಾಣಲಿಲ್ಲ.
ಗಾಜಿನ ಬಳೆ, ಉಗುರಿನ ಸಂದಿಯೆಲ್ಲ ನೀಲಿ.
ಸೊನ್ನೆಯನ್ನು ಗೋಡೆಗೆ ಒತ್ತಿ ಹಿಡಿಯಿತು,
ಸಾಹೇಬರು ಯಾವತ್ತೂ ಹಿಡಿಯದಷ್ಟು ಬಿಗಿಯಾಗಿ.
ಮುಳ್ಳು ತಪ್ಪಿಸುತ್ತ ಹಿಂದೆ ಹಿಂದೆ ನಡೆದೆ,
ಟೇಪು ನಮ್ಮಿಬ್ಬರ ನಡುವೆ ಗುಂಯ್‌ಗುಟ್ಟಿತು.
'ಎಷ್ಟೊತ್ತು ಹಿಡೀಬೇಕ್ರೀ?
ನೂರು ಪ್ಯಾಂಟಿನ ಗುಂಡಿ ಬಾಕಿ ಐತಿ.'
'ಆತು, ಆತು.'
'ರೋಡ್ ಆಗ್ತೈತೇನು?'

'ನೂರಾ ಎಂಬತ್ತಾರು' ಅಂದೆ.
ಕೇಳಿದ್ದಕ್ಕೆ ಉತ್ತರ ಅದಲ್ಲ.
ಕೈ ಇನ್ನೂ ಸ್ವಲ್ಪ ಹೊತ್ತು ಬಿಡಲಿಲ್ಲ.

ಸಂಜೆ ಸಾಹೇಬರು ಆಫೀಸಿಗೇ ಬಂದರು,
ಕಾಲರು ಕೆಂಪಾಗಿತ್ತು. ಅಂಕಿ ಬರೆದುಕೊಂಡರು.
ಆ ಫೈಲು ಕಪಾಟಿಗೆ ಹೋಯಿತು.
ಮೇಜಿನ ಮೇಲಿದ್ದ ಇನ್ನೊಂದು ಕಾಗದಕ್ಕೆ
ಆಗಲೇ ಸಹಿ ಬಿದ್ದಿತ್ತು:
ಕಾಂಪೌಂಡ್ ದುರಸ್ತಿ, ಕಿಂಡಿ ಮುಚ್ಚುವುದು,
ಸಿಮೆಂಟು ಎರಡು ಚೀಲ.

ಟೇಪು ಸುತ್ತಿಡುವಾಗ ನೋಡಿದೆ:
ಸೊನ್ನೆಯ ಮೇಲೆ ನೀಲಿ ಹೆಬ್ಬೆಟ್ಟು.
ಒದ್ದೆ ಬಟ್ಟೆ ಕೈಯಲ್ಲೇ ಇತ್ತು.
ಒರೆಸಲಿಲ್ಲ.